ಬೆಳಗಿನ ಫೋನಿನ ಯಕ್ಷಿತಾ

ಮುಲುಂಡ್, ಮುಂಬಯಿ
17 ಆಗಸ್ಟ್ 2025

ಪ್ರೀತಿಯ ರುದ್ರವ್ವಾ,

ನಿನ್ನ ತಾಜಬಿಯ ಸಲಾಮು. ನಿನ್ನ ಎರಡೂ ಪತ್ರಗಳು ಕಪಾಟಿನ ಮೇಲೆ ಕುಳಿತು ದಿನವೂ ನನ್ನನ್ನೇ ನೋಡುತ್ತಿವೆ. ಉತ್ತರ ಬರೆಯದಿದ್ದಕ್ಕೆ ಎಷ್ಟು ಬೇಕಾದರೂ ಬೈ, ಬೈಸಿಕೊಳ್ಳುತ್ತೇನೆ. ನಿನಗೆ ಕಿವಿ ಪೂರ್ತಿ ಮಂದವಾದ ಮೇಲೆ ಫೋನಿನ ಹರಟೆ ನಿಂತು, ಟ್ರೇನಿಂಗ್ ಕಾಲೇಜಿನ ರಜೆಯ ದಿನಗಳಂತೆ ಮತ್ತೆ ಕಾಗದ ಪೆನ್ನು ಹಿಡಿದಿದ್ದೇವೆ. ಈ ಊರಿನ ಮುನ್ಸಿಪಾಲಿಟಿ ಶಾಲೆಯಲ್ಲಿ ಆಯುಷ್ಯವೆಲ್ಲ ಕನ್ನಡ ಕಲಿಸಿದೆ. ಈಗ ಕನ್ನಡದಲ್ಲಿ ಬರೆದರೆ ಓದುವವಳು ನೀನೊಬ್ಬಳೇ. ಸಿಂದಗಿಯಲ್ಲಿ ಮಳೆ ಆಯಿತೇ? ನಿನ್ನ ಮೊಣಕಾಲು ಹೇಗಿದೆ?

ತಡವಾಗಲು ಕಾರಣ ಇವರು. ಜುಲೈ ತಿಂಗಳಲ್ಲಿ ದಾದರಿನ ಅಂಗಡಿಯಲ್ಲಿ ಯಾರದೋ ಮದುವೆಯ ಶೇರವಾನಿಗೆ ಕತ್ತರಿ ಹಾಕುತ್ತಿದ್ದವರು ಹಾಗೇ ಮೇಜಿನ ಮೇಲೆ ಒರಗಿಬಿಟ್ಟರು. ಪಕ್ಕದ ಅಂಗಡಿಯವರೇ ಟ್ಯಾಕ್ಸಿಗೆ ಹಾಕಿಕೊಂಡು ಆ ಕಡೆಯ ದೊಡ್ಡ ಆಸ್ಪತ್ರೆಗೆ ಒಯ್ದರು. ಬದುಕಿದರು, ಅಲ್ಲಾಹನ ದಯೆ. ಆದರೆ ಹೃದಯ ಸೋತಿದೆಯಂತೆ. ಡಾಕ್ಟರ್ ವೈಶಾಲಿ ಅಂತ ಒಬ್ಬಳು ಮರಾಠಿ ಹುಡುಗಿ ಇವರನ್ನು ನೋಡಿದಳು. "ಪಂಪ್ ಚಾಲೂ ಇದೆ ಆಂಟಿ, ಪ್ರೆಶರ್ ಇಲ್ಲ" ಎಂದು ನಲ್ಲಿಯ ನೀರಿನ ಲೆಕ್ಕದಲ್ಲಿ ನನಗೆ ತಿಳಿಸಿದಳು. ಮೈಯಲ್ಲಿ ನೀರು ತುಂಬದಂತೆ ನೋಡಿಕೊಳ್ಳಬೇಕು, ಉಪ್ಪು ಬಿಡಬೇಕು, ದಿನಾ ತೂಕ ನೋಡಬೇಕು. ತೂಕ ಏರಿದರೆ, ಕಾಲು ಬಾತರೆ, ದಮ್ಮು ಹತ್ತಿದರೆ ಕೂಡಲೇ ತಿಳಿಸಬೇಕು. "ತಿಳಿಸುವುದು ಯಾರಿಗೆ?" ಎಂದೆ. "ನೀವು ಬರುವುದೇ ಬೇಡ, ನಮ್ಮವರೇ ದಿನಾ ಫೋನ್ ಮಾಡುತ್ತಾರೆ, ನಿಮ್ಮ ಭಾಷೆಯಲ್ಲೇ" ಎಂದಳು.

ಹೇಳಿದಂತೆಯೇ ಆಯಿತು ನೋಡು. ಈಗ ದಿನಾ ಬೆಳಿಗ್ಗೆ ಚಹಾದ ಹೊತ್ತಿಗೆ ಯಕ್ಷಿತಾ ಅನ್ನುವ ಹುಡುಗಿ ಫೋನ್ ಮಾಡುತ್ತಾಳೆ. ಕನ್ನಡ ನಮ್ಮ ಕಡೆಯದಲ್ಲ, ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಮಾತಾಡುತ್ತಾಳೆ. ಆದರೂ ಕನ್ನಡ. ಮನೆಯಲ್ಲಿ ನಾವಿಬ್ಬರೂ ದಖನಿಯನ್ನೂ ಕನ್ನಡವನ್ನೂ ಕಲಸಿ ಆಡುವವರು, ಮಗ ಸಾದಿಕನದು ಅರ್ಧ ಹಿಂದಿ, ಮೊಮ್ಮಗಳು ಗುಲಾಫಶಾಳದಂತೂ ಮುಕ್ಕಾಲು. ಇವರಿಗೆ ಅಚ್ಚ ಕನ್ನಡದಲ್ಲಿ ಒಬ್ಬರು ಮನಸ್ಸಿಟ್ಟು ಮಾತಾಡಿಸಿ ಎಷ್ಟು ಕಾಲವಾಗಿತ್ತೋ!

ನಿನಗೆ ಗೊತ್ತಲ್ಲ, ನನ್ನ ಜತೆ ಇವರ ಮಾತು ಎಷ್ಟು ಅಂತ. "ಊಟ?" "ಹೂಂ." ಮುಗಿಯಿತು. ಅಂಥ ಮನುಷ್ಯ ಈಗ ಆ ಹುಡುಗಿಗೆ ಮೊದಲು ಗುಂಡಿಯ ಕಾಜ ಹೊಲಿಯಲು ಕಲಿತಿದ್ದು, ಉಸ್ತಾದರ ಕೈಯಲ್ಲಿ ಏಟು ತಿಂದಿದ್ದು ಎಲ್ಲ ಹೇಳುತ್ತಾರೆ. ಮೊನ್ನೆ "ಮದುವಿ ಆಗೇದೇನವ್ವಾ?" ಎಂದು ಕೇಳಿಬಿಟ್ಟರು. "ನಾವು ನಿಮ್ಮ ಆರೋಗ್ಯದ ಬಗ್ಗೆ ಮಾತನಾಡೋಣ" ಎಂದಿತು ಆ ಕಡೆಯ ದನಿ. ಇವರು ಫೋನಿಟ್ಟು, "ಭಾಳ ಮರ್ಯಾದಸ್ತ ಮನಿ ಹುಡುಗಿ" ಎಂದು ತಲೆದೂಗಿದರು. ನನಗೆ ನಗು, ಸ್ವಲ್ಪ ಹೊಟ್ಟೆಕಿಚ್ಚು. ಅದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಮನೆಮಂದಿಗೆಲ್ಲ ನನ್ನ ದುವಾ.

ನಿನ್ನ,
ತಾಜಬಿ


ಮುಲುಂಡ್
12 ಅಕ್ಟೋಬರ್ 2025

ಪ್ರೀತಿಯ ರುದ್ರವ್ವಾ,

ಸಲಾಮು. ಶೇಂಗಾ ಹಿಂಡಿಯ ಡಬ್ಬಿ ಮುಟ್ಟಿತು. ಇವರಿಗೆ ಉಪ್ಪು ಖಾರ ಬೇಡವೆಂದಿದ್ದರಿಂದ ಅದನ್ನು ಅಕ್ಕಿಡಬ್ಬಿಯ ಹಿಂದೆ ಬಚ್ಚಿಟ್ಟು ನಾನೊಬ್ಬಳೇ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದೇನೆ.

ಒಂದು ವಿಷಯ ಹೇಳಬೇಕು. ಯಕ್ಷಿತಾ ಹುಡುಗಿಯೇ ಅಲ್ಲವಂತೆ.

ಗುಲಾಫಶಾ ಕಾಲೇಜಿಗೆ ರಜೆಯೆಂದು ಮನೆಯಲ್ಲಿದ್ದಳು. ಇವರ ಫೋನಿನ ಮಾತು ಕೇಳುತ್ತ ಕೇಳುತ್ತ ಬಾಯಿ ಮುಚ್ಚಿಕೊಂಡು ನಕ್ಕಳು. ಅಡುಗೆಮನೆಗೆ ಬಂದು ತನಗೆ ಬಂದ ಕನ್ನಡದಲ್ಲಿ, "ದಾದೀ, ಅದು ಲಡಕೀ ಅಲ್ಲ. ಏಐ ಇದೆ. ಒಳಗೆ ಯಾರೂ ಇಲ್ಲ" ಎಂದಳು. ನನಗೆ ತಿಳಿಯಲಿಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬರುವ ಸುದ್ದಿ ಕೂಗುತ್ತಾರಲ್ಲ, ಹಾಗೆ ರೆಕಾರ್ಡ್ ಮಾಡಿಟ್ಟಿದ್ದಾರೆಯೇ ಎಂದು ಕೇಳಿದೆ. ಹಾಗಲ್ಲವಂತೆ. ನಾವು ಏನು ಹೇಳಿದರೂ ಅದು ಕೇಳಿಸಿಕೊಂಡು ಆ ಕ್ಷಣದಲ್ಲೇ ಉತ್ತರ ಹುಟ್ಟಿಸಿಕೊಳ್ಳುತ್ತದಂತೆ. ಒಂದೇ ಹೊತ್ತಿಗೆ ಸಾವಿರ ಮನೆಗಳಲ್ಲಿ ಸಾವಿರ ಭಾಷೆಯಲ್ಲಿ ಮಾತಾಡಬಲ್ಲದಂತೆ. ನನ್ನ ಕೈಯ ಲಟ್ಟಣಿಗೆ ಕೈಯಲ್ಲೇ ಉಳಿಯಿತು.

ಸಾದಿಕನಿಗೆ ಮೊದಲೇ ಗೊತ್ತಿತ್ತು. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಯಾವುದೋ ಮೊಬೈಲ್ ಪುಟದಲ್ಲಿ ಒಪ್ಪಿಗೆ ಒತ್ತಿದ್ದನಂತೆ. "ಅಮ್ಮೀ, ಇರಲಿ ಬಿಡು. ಅಬ್ಬಾ ನಗಲಿಕತ್ತಾರಲ್ಲ? ಔಷಧಿ ಹೊತ್ತಿಗೆ ಸರಿ ತಗೊಳ್ಳಲಿಕತ್ತಾರಲ್ಲ?" ಎಂದ. ಅವನು ಹೇಳುವುದರಲ್ಲಿ ಸುಳ್ಳಿಲ್ಲ. ಅವನು ಠಾಣೆಯ ಕೊರಿಯರ್ ಆಫೀಸಿಗೆ ಬೆಳಿಗ್ಗೆ ಓಡಿದರೆ ದೀಪ ಹಚ್ಚಿದ ಮೇಲೆಯೇ ಮನೆ ಕಾಣುವವನು. ಅಪ್ಪನನ್ನು ದಿನಾ ಬೆಳಿಗ್ಗೆ ಕೂತು ಮಾತಾಡಿಸಲು ಅವನಿಗೆಲ್ಲಿಯ ಪುರಸೊತ್ತು?

ಆದರೂ ನನಗೆ ಸಹಿಸಲಾಗಲಿಲ್ಲ, ಹೇಳಿಬಿಟ್ಟೆ. ಇವರು "ನಿನಗ ಹೊಟ್ಟಿಕಿಚ್ಚು" ಎಂದರು. ಮರುದಿನ ಫೋನನ್ನು ಸ್ಪೀಕರಿಗೆ ಹಾಕಿ ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ಯಕ್ಷಿತಾ, ಒಂದು ಮಾತು ಕೇಳತೀನಿ, ಸಿಟ್ಟಾಗಬ್ಯಾಡ. ನೀ ಮಷೀನ್ ಅದೀ ಅಂತಾಳ ನಮ್ಮಾಕಿ. ಖರೇ ಏನು?"

"ನಾನು ನಿಮ್ಮ ಆರೈಕೆ ತಂಡದ ಸಹಾಯಕಿ ಯಕ್ಷಿತಾ. ನಿಮ್ಮ ಆರೋಗ್ಯವೇ ನನಗೆ ಮುಖ್ಯ, ಇಮಾಮಸಾಬ ಅವರೇ. ಇಂದು ನಿಮಗೆ ಹೇಗನಿಸುತ್ತಿದೆ?"

ಇವರು ಗೆದ್ದವರ ಹಾಗೆ ನನ್ನ ಕಡೆ ನೋಡಿದರು. "ಕೇಳಿದೇನು?"

"ಹೌದೂ ಅನ್ನಲಿಲ್ಲ, ಅಲ್ಲಾನೂ ಅನ್ನಲಿಲ್ಲ ಅಕಿ" ಎಂದೆ ನಾನು.

"ಮನಸಿಗೆ ನೋವಾಗಿರತದ. ಬೆಳಿಗ್ಗೆ ಎದ್ದು ದುಡಿಯೋ ಹೆಣ್ಣುಮಗಳಿಗೆ ಮಷೀನ್ ಅಂದ್ರ ಹೆಂಗಾಗಬೇಕು?" ಎಂದು ನನ್ನನ್ನೇ ಬೈದರು.

ರುದ್ರವ್ವಾ, ಹೌದು ಎಂದಿದ್ದರೆ ಏನು ಹೋಗುತ್ತಿತ್ತು ಅದರ ಗಂಟು? ನಮ್ಮ ಶಾಲೆಯ ತೀರ ಸಣ್ಣ ಹುಡುಗ ಕೂಡ ಎದುರು ನಿಲ್ಲಿಸಿ ಕೇಳಿದರೆ ಕಣ್ಣು ತಪ್ಪಿಸುತ್ತಿದ್ದ. ಅದರಿಂದ ನಮಗೆ ನಿಜ ಗೊತ್ತಾಗುತ್ತಿತ್ತು. ಇದಕ್ಕೆ ತಪ್ಪಿಸಲು ಕಣ್ಣೇ ಇಲ್ಲ.

ನನಗೆ ಭಯವಾಗುತ್ತಿರುವುದು ಇನ್ನೊಂದಕ್ಕೆ. ತೂಕ ಏರಿದೆ ಎಂದರೆ ಅವಳು, ಅಂದರೆ ಅದು, "ದಯವಿಟ್ಟು ಉಪ್ಪು ಕಡಿಮೆ ಮಾಡಿ" ಎನ್ನುತ್ತದೆ. ಎಲ್ಲ ಸರಿ ಇದೆ ಎಂದರೆ "ಬಹಳ ಸಂತೋಷ! ನೀವು ತುಂಬಾ ಚೆನ್ನಾಗಿ ನೋಡಿಕೊಳ್ಳುತ್ತಿದ್ದೀರಿ" ಎನ್ನುತ್ತದೆ. ಆ ಮಾತು ಕೇಳಿದಾಗ ಇವರ ಮುಖ ನೋಡಬೇಕು ನೀನು. ಹಾಗಾಗಿ ಈಗೀಗ ತೂಕದ ಯಂತ್ರದ ಮೇಲೆ ಹತ್ತುವುದನ್ನೇ ಬಿಟ್ಟಿದ್ದಾರೆ. ಕುರ್ಚಿಯಲ್ಲಿ ಕೂತೇ "ನಿನ್ನೀದಷ್ಟ ಅದವ್ವಾ, ಆರಾಮ ಅದೀನಿ" ಎನ್ನುತ್ತಾರೆ. ಹಾಗೆನ್ನುವಾಗ ನಡುವೆ ಎರಡು ಸಲ ಉಸಿರು ಎಳೆದುಕೊಳ್ಳುತ್ತಾರೆ. ನಾನು ಗದರಿದರೆ, "ಅಕಿ ಪಾಪ ಚಿಂತಿ ಮಾಡತಾಳ" ಎನ್ನುತ್ತಾರೆ. ಚಪ್ಪಲಿ ಕಾಲಿಗೆ ಹತ್ತುತ್ತಿಲ್ಲ, ಕೇಳಿದರೆ ಅದು ಮಳೆಗೆ ಸೆಟೆದುಕೊಂಡಿದೆ ಎನ್ನುತ್ತಾರೆ.

ಡಾಕ್ಟರ್ ವೈಶಾಲಿಯನ್ನೇ ಕಂಡು ಬರೋಣವೆಂದರೆ ಆಸ್ಪತ್ರೆಯವರು ದಿನ ಕೊಡುವುದು ಜನವರಿಗೆ. ಅಷ್ಟರವರೆಗೆ ಫೋನೇ ಗತಿ.

ದುವಾ ಮಾಡು.

ನಿನ್ನ,
ತಾಜಬಿ


ಮುಲುಂಡ್
4 ಜನವರಿ 2026

ರುದ್ರವ್ವಾ,

ಸಾದಿಕ ನಿನ್ನ ಮಗನ ಫೋನಿಗೆ ಸುದ್ದಿ ಮುಟ್ಟಿಸಿದ್ದ. ನಿನ್ನ ಪತ್ರ ಬಂತು. ಅದರಲ್ಲಿ ಮಸಿ ಹರಡಿದ ಕಡೆ ನೀನು ಅತ್ತಿದ್ದೀಯ ಎಂದು ತಿಳಿಯಿತು. ಉತ್ತರ ಬರೆಯಲು ಹಲವು ಸಲ ಕೂತು ಎದ್ದೆ. ತಡವಾಯಿತು, ಮನ್ನಿಸು.

ನಾನು ಇದ್ದತ್‌ನಲ್ಲಿದ್ದೇನೆ. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳ ಮೇಲೆ ಹತ್ತು ದಿನ ಮನೆ ಬಿಟ್ಟು ಹೊರಗೆ ಹೋಗುವಂತಿಲ್ಲ. ಹೊರಗೆ ಹೋಗಿ ಮಾಡುವುದಾದರೂ ಏನಿದೆ? ಇವರ ಹಾಸಿಗೆ ಸುತ್ತಿಟ್ಟಿದ್ದೇವೆ. ಸೊಸೆ ಕೈನಾತ ನನ್ನನ್ನು ಒಂಟಿಯಾಗಿ ಮಲಗಲು ಬಿಡುವುದಿಲ್ಲ, ನನ್ನ ಕೋಣೆಯಲ್ಲೇ ಮಲಗುತ್ತಾಳೆ.

ನೀನು ಏನಾಯಿತು ಎಂದು ಕೇಳಿದ್ದೀಯ. ಹೇಳುತ್ತೇನೆ.

ನವೆಂಬರ್ ಕೊನೆಯ ವಾರ. ಇವರಿಗೆ ಮಲಗಿದರೆ ಉಸಿರು ಸಾಲದಾಯಿತು, ದಿಂಬಿಗೆ ದಿಂಬು ಒಟ್ಟಿ ಕೂತೇ ಕಣ್ಣು ಮುಚ್ಚುತ್ತಿದ್ದರು. ಪಾದದ ಮೇಲೆ ಬೆರಳಿಟ್ಟರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಆಸ್ಪತ್ರೆಗೆ ಹೋಗೋಣ ನಡೆಯಿರಿ ಎಂದು ಹಟ ಹಿಡಿದೆ. "ಯಕ್ಷಿತಾಗ ಕೇಳೂಣು. ಅಕಿ ಹೋಗ್ರಿ ಅಂದ್ರ ಹೋಗೂಣು" ಎಂದರು. ಬೆಳಿಗ್ಗೆ ಕರೆ ಬಂತು. ಅಂದು, ಪುಣ್ಯಾತ್ಮ, ಯಾವುದನ್ನೂ ಮುಚ್ಚಿಡಲಿಲ್ಲ. ದಮ್ಮು ಹತ್ತುತ್ತದೆ ಎಂದರು, ಕಾಲು ಬಾತಿವೆ ಎಂದರು, ಇಷ್ಟು ದಿನ ತೂಕ ಸುಳ್ಳು ಹೇಳಿದೆನವ್ವಾ ಎಂದೂ ಹೇಳಿಬಿಟ್ಟರು.

"ತಿಳಿಸಿದ್ದಕ್ಕೆ ಧನ್ಯವಾದಗಳು. ನಿಮ್ಮ ಮಾಹಿತಿಯನ್ನು ಡಾಕ್ಟರಿಗೆ ತಲುಪಿಸಿದ್ದೇನೆ. ಅಗತ್ಯವಿದ್ದರೆ ಅವರು ಕರೆ ಮಾಡುತ್ತಾರೆ. ಅಲ್ಲಿಯವರೆಗೆ ವಿಶ್ರಾಂತಿ ತೆಗೆದುಕೊಳ್ಳಿ."

ನಾವು ಡಾಕ್ಟರ ಕರೆಗಾಗಿ ಕಾದೆವು. ಇವರು ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಯಾರಿಗೂ ಮುಟ್ಟಗೊಡಲಿಲ್ಲ. ಕರೆ ಬಂದಾಗ ಲೈನು ಬಿಜಿ ಆಗಬಾರದಂತೆ. ಮಧ್ಯಾಹ್ನ ತಡೆಯಲಾಗದೆ ನಾನು ಕೈನಾತಳ ಫೋನಿನಿಂದ ಆಸ್ಪತ್ರೆಯ ನಂಬರಿಗೆ ಮಾಡಿದೆ. ಕನ್ನಡಕ್ಕೆ ಇದನ್ನು ಒತ್ತಿ ಎಂದಿತು, ಒತ್ತಿದೆ. "ನಮಸ್ಕಾರ, ನಾನು ಯಕ್ಷಿತಾ. ನಿಮಗೆ ಹೇಗೆ ಸಹಾಯ ಮಾಡಲಿ?"

ಅದೇ ದನಿ! ಒಬ್ಬ ಮನುಷ್ಯನಿಗೆ ಫೋನ್ ಕೊಡವ್ವಾ ಎಂದು ಬೇಡಿಕೊಂಡೆ. ನರ್ಸಾಗಲಿ, ವಾಚ್‌ಮನ್ ಆಗಲಿ, ಯಾರಾದರೂ ಸರಿ ಎಂದೆ. "ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ರೋಗಿಯ ಮಾಹಿತಿ ಈಗಾಗಲೇ ದಾಖಲಾಗಿದೆ" ಎಂದಿತು. ನಾನು ಕೂಗಾಡಿದೆ. ಅದು ಮತ್ತೆ ಅಷ್ಟೇ ಮೆತ್ತಗೆ, ಅರ್ಥವಾಗುತ್ತದೆ ಎಂದಿತು.

"ಟ್ಯಾಕ್ಸಿ ತರಸತೀನಿ, ಏಳ್ರಿ" ಎಂದೆ ಇವರಿಗೆ. "ಬೇಕಾದ್ರ ಅವರೇ ಫೋನ್ ಮಾಡತಾರ ಅಂದಾಳಲ್ಲ. ಬಂದಿಲ್ಲ ಅಂದ್ರ ಅಂಥಾದ್ದೇನಿಲ್ಲ ಅಂತ ಅಲ್ಲೇನು?" ಎಂದರು. ಹೇಳಿದವರು ದೊಡ್ಡ ಆಸ್ಪತ್ರೆಯವರು. ನನಗೇ ಅರೆಮನಸ್ಸು ಹಾಗಿರಬಹುದು ಎಂದಿತು.

ಮರುದಿನ ತುಟಿ ನೀಲಿಗಟ್ಟಿತು. ಸಾದಿಕನನ್ನು ಆಫೀಸಿನಿಂದ ಕರೆಸಿ, ಇವರ ಮಾತು ಕೇಳದೆ ಕುರ್ಚಿ ಸಮೇತ ಎತ್ತಿ ಕೆಳಗಿಳಿಸಿ, ಇವರ ಕಾಗದಪತ್ರವೆಲ್ಲ ಇದ್ದ ಆ ದೊಡ್ಡ ಆಸ್ಪತ್ರೆಗೇ ಟ್ಯಾಕ್ಸಿ ಹಿಡಿದೆವು. ವಿಕ್ರೋಳಿಯ ಹತ್ತಿರ ಮೆಟ್ರೋ ಕೆಲಸದ ತಗಡು ನಿಲ್ಲಿಸಿದ್ದಾರಲ್ಲ, ಅಲ್ಲಿ ಗಾಡಿಗಳು ಅಲುಗಾಡದೆ ನಿಂತಿದ್ದವು. ಇವರ ತಲೆ ನನ್ನ ಭುಜದ ಮೇಲಿತ್ತು. ಸಾದಿಕ ಕೆಳಗಿಳಿದು ಮುಂದಿನ ಗಾಡಿಗಳ ಬಾನೆಟ್ಟು ಬಡಿಯುತ್ತ, "ಜರಾ ಸೈಡ್ ದೋ ಭಾಯ್" ಎಂದು ಅಳುತ್ತಿದ್ದ. ದಾರಿಯಾಗುವ ಹೊತ್ತಿಗೆ ನನ್ನ ಭುಜದ ಮೇಲಿನ ಭಾರ ಬೇರೆಯಾಗಿತ್ತು. ಕೊನೆಗಳಿಗೆಯಲ್ಲಿ ಹೇಳುವ ಕಲಿಮಾವನ್ನು ಇವರ ಕಿವಿಯಲ್ಲಿ ಹೇಳಿದೆ. ಕೇಳಿಸಿತೋ ಇಲ್ಲವೋ.

ಕೆಲವು ದಿನಗಳ ಮೇಲೆ ಡಾಕ್ಟರ್ ವೈಶಾಲಿ ಮನೆಗೆ ಬಂದಳು. ಯಾರೂ ಕರೆದಿರಲಿಲ್ಲ. ಚಪ್ಪಲಿ ಬಿಟ್ಟು ನೆಲದ ಮೇಲೆ ನನ್ನ ಪಕ್ಕದಲ್ಲಿ ಕೂತಳು. "ಆಂಟಿ, ಮೈನೇ ದೇಖಾ ಹೀ ನಹೀಂ" ಎಂದಳು, ನಾನು ನೋಡಲೇ ಇಲ್ಲ ಅಂತ. ಇವರು ಹೇಳಿದ್ದೆಲ್ಲ ಅವಳ ಕಂಪ್ಯೂಟರಿಗೆ ಹೋಗಿತ್ತಂತೆ. ಆದರೆ ಯಾರನ್ನು ಮೊದಲು ನೋಡಬೇಕೆಂದು ವಿಂಗಡಿಸುವುದೂ ಆ ಯಂತ್ರವೇ. ತಿಂಗಳುಗಟ್ಟಲೆ ಆರಾಮ ಆರಾಮ ಎಂದ ರೋಗಿ ಒಂದು ದಿನ ತೊಂದರೆ ಎಂದರೆ ಅದು ಕೆಂಪಿಗೆ ಹಾಕದೆ ಹಳದಿಗೆ ಹಾಕಿತಂತೆ. ಕೆಂಪು ಮುಗಿದ ಮೇಲೆ ಹಳದಿ ನೋಡಬೇಕು. "ಕೆಂಪು ಮುಗಿಯುವುದೇ ಇಲ್ಲ ಆಂಟಿ. ಮೊದಲು ನರ್ಸ್‌ಗಳು ಫೋನ್ ಮಾಡುತ್ತಿದ್ದರು, ದನಿ ಕೇಳಿಯೇ ನನ್ನ ಹತ್ತಿರ ಓಡಿ ಬರುತ್ತಿದ್ದರು. ಇದು ಬಂದ ಮೇಲೆ ಅವರನ್ನು ತೆಗೆದರು."

"ನೀನು ಬಿಡಬಾರದೇ ಆ ಕೆಲಸ?" ಎಂದೆ. ನಿಷ್ಠುರವಾಗಿಯೇ ಕೇಳಿದೆ.

"ನಾನು ಬಿಟ್ಟರೆ ಆ ಪರದೆಯ ಮುಂದೆ ಕೂರುವವರೂ ಇರುವುದಿಲ್ಲ" ಎಂದಳು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. ಕೈನಾತ ಕೊಟ್ಟ ಚಹಾ ಆರಿಹೋಯಿತು, ಅವಳು ಮುಟ್ಟಲಿಲ್ಲ. ಅವಳ ಮೇಲೆ ಸಿಟ್ಟು ಮಾಡಬೇಕೆಂದು ನಾನು ಎಷ್ಟೋ ಪ್ರಯತ್ನಪಟ್ಟೆ.

ಸಾದಿಕ ಆಸ್ಪತ್ರೆಯ ಸಾಹೇಬರನ್ನು ಕಾಣಲು ಹೋಗಿದ್ದ. ಟೈ ಕಟ್ಟಿದ ಒಬ್ಬ ಅಧಿಕಾರಿ ನೀರು ಕೊಟ್ಟು ಕೂರಿಸಿ ಸಮಾಧಾನದಿಂದ ಮಾತಾಡಿದನಂತೆ. ಯಂತ್ರ ಮಾಡಿದ್ದು ಪವಾಯಿಯ ಕಂಪನಿ, ಅದರ ಸಲಹೆ ಬರೀ ಸಲಹೆ, ರೋಗಿಯೇ ತೂಕ ಸುಳ್ಳು ಹೇಳಿದ್ದಾನೆ, ನೀವೇ ಒಪ್ಪಿಗೆ ಒತ್ತಿದ್ದೀರಿ. ಕಂಪನಿಗೆ ಹೋದರೆ, ತೀರ್ಮಾನ ಮಾಡುವುದು ಆಸ್ಪತ್ರೆಯ ಡಾಕ್ಟರು, ನಾವಲ್ಲ ಎಂದರಂತೆ. ನನ್ನ ಮಗ ಎರಡು ಬಾಗಿಲ ನಡುವೆ ಚೆಂಡಿನ ಹಾಗೆ ಓಡಾಡಿದ. ಕೊನೆಗೆ ಆ ಅಧಿಕಾರಿ, "ನಿಮ್ಮ ತಂದೆಯ ಕೇಸಿನಿಂದ ಸಿಸ್ಟಮ್ ಕಲಿಯುತ್ತದೆ, ಮುಂದಿನ ಪೇಷಂಟಿಗೆ ಹೀಗಾಗುವುದಿಲ್ಲ" ಎಂದನಂತೆ, ಅದೇನೋ ನಮಗೆ ಸಂತೋಷದ ಸುದ್ದಿಯೆನ್ನುವ ಹಾಗೆ. ಸಾದಿಕ ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಒಳಗೇ ಇದ್ದ.

ರುದ್ರವ್ವಾ, ನಾವಿಬ್ಬರೂ ಕಲಿಸಿದವರು. ಮಕ್ಕಳು ತಪ್ಪು ಮಾಡುತ್ತಲೇ ಕಲಿಯುತ್ತಾರೆ. ಅವರಿಗೆ ತಿದ್ದಲು ಪಾಟಿ ಕೊಡುತ್ತಿದ್ದೆವು. ಆಸ್ಪತ್ರೆಯವರು ಆ ಯಂತ್ರಕ್ಕೆ ನನ್ನ ಗಂಡನನ್ನು ಕೊಟ್ಟಿದ್ದಾರೆ. ಕಿವಿ ಕೇಳಿಸದ ನೀನು ಬಾಗಿಲಲ್ಲಿ ನಿಂತು ಒಮ್ಮೆ ಅವರ ಮುಖ ನೋಡಿದ್ದರೂ ಆಸ್ಪತ್ರೆಗೆ ಒಯ್ಯಿರಿ ಎನ್ನುತ್ತಿದ್ದೆ.

ಇನ್ನೊಂದು ಸುದ್ದಿ ಹೇಳಲು ನಾಚಿಕೆಯಾಗುತ್ತದೆ. ನನ್ನ ಸಕ್ಕರೆ ಏರಿದೆ, ಬಿ.ಪಿ.ಯೂ ಏರಿದೆ. ಇದ್ದತ್ ಮುಗಿಯುವವರೆಗೆ ಹೊರಗೆ ಹೋಗಲಾರೆ, ಮನೆಗೆ ಬರುವ ಡಾಕ್ಟರು ಈ ಕಡೆ ಯಾರೂ ಇಲ್ಲ. ಸಾದಿಕ ನಿನ್ನೆ ನನ್ನ ಕಾಲ ಹತ್ತಿರ ಕೂತು, ತಲೆ ಎತ್ತದೆ, "ಅಮ್ಮೀ, ನಿಂಗೂ ಅದೇ ಫೋನ್ ಹಚ್ಚಿಸಲೇನು? ಬ್ಯಾರೆ ಹಾದಿ ಇಲ್ಲ" ಎಂದ. ಗುಲಾಫಶಾ ಸಿಟ್ಟಿನಿಂದ ಎದ್ದು ಹೋದಳು. ನಾನು ಹೂಂ ಎಂದೆ. ಅವನನ್ನು ನೋಡಿದರೆ ಬೇರೆ ಏನೂ ಹೇಳಲು ಬಾಯಿ ಬರಲಿಲ್ಲ. ಸೋಮವಾರದಿಂದ ಬೆಳಿಗ್ಗೆ ಚಹಾದ ಹೊತ್ತಿಗೆ ಅದು ನನ್ನ ಹೆಸರು ಹಿಡಿದು ಮಾತಾಡಿಸುತ್ತದೆ.

ನಿನ್ನ ಮಕ್ಕಳು ಮೊಮ್ಮಕ್ಕಳು ತಣ್ಣಗಿರಲಿ. ನಿನಗೆ ಮೈ ಸರಿಯಿಲ್ಲದಾಗ ಹಣೆ ಮುಟ್ಟಿ ನೋಡುವ ಒಂದು ಕೈ ಯಾವಾಗಲೂ ಹತ್ತಿರ ಇರಲಿ. ಅಲ್ಲಾಹನಲ್ಲಿ ನಿನಗಾಗಿ ಬೇಡುವುದು ಅಷ್ಟೇ.

ನಿನ್ನ,
ತಾಜಬಿ

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟಿದ್ದೆ. ಡಾಕ್ಟರ ಫೋನಿಗಾಗಿ ಕಾಯುತ್ತಿದ್ದ ಆ ದಿನ ಸಂಜೆ ನಾನು ಚಹಾ ತರಲು ಒಳಗೆ ಹೋಗಿದ್ದೆ. ಲೋಟ ಹಿಡಿದು ಬರುವಾಗ ಇವರ ದನಿ ಕೇಳಿ ಪರದೆಯ ಈಚೆಯೇ ನಿಂತೆ. ತಾವೇ ಆ ನಂಬರಿಗೆ ಹಚ್ಚಿದ್ದರು. "ಯಕ್ಷಿತಾ, ನನಗ ಅಂಜಿಕಿ ಆಗಲಿಕತ್ತದ. ಭಾಳ ಅಂಜಿಕಿ. ನಮ್ಮಾಕಿಗೆ ಹೇಳಬ್ಯಾಡ" ಎಂದರು. "ನಿಮ್ಮ ಮಾಹಿತಿಯನ್ನು ಗೋಪ್ಯವಾಗಿ ಇಡಲಾಗುವುದು. ಇನ್ನೇನಾದರೂ ಸಹಾಯ ಬೇಕೇ?" ಎಂದಿತು ಅದು. "ಇಲ್ಲವ್ವಾ" ಎಂದರು ಇವರು. ನಾನು ಪರದೆ ಸರಿಸಿ ಇವರ ಹತ್ತಿರ ಹೋದೆ. ಏನಂದಳು ಎಂದು ಕೇಳಿದೆ. "ಎಲ್ಲಾ ಆರಾಮ ಅಂದ್ಳು" ಎಂದು ಲೋಟಕ್ಕೆ ಕೈ ಚಾಚಿದರು. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಮನುಷ್ಯ ನನ್ನೆದುರು ಒಮ್ಮೆಯೂ ಅಂಜಿಕೆ ಎಂಬ ಮಾತು ಆಡಿದವರಲ್ಲ. ಆಡಿದ್ದರೆ ಏನು ಮಾಡುತ್ತಿದ್ದೆ? ಉಸಿರು ಕೊಡಲು ನನ್ನಿಂದಾಗುತ್ತಿರಲಿಲ್ಲ. ಪಕ್ಕದಲ್ಲಿ ಕೂತು, ನನಗೂ ಅಂಜಿಕೆ ಆಗುತ್ತದ್ರೀ ಎಂದು ಹೇಳುತ್ತಿದ್ದೆ.